ಒಂಬತ್ತನೆಯ ವ್ಯಾಯಾಮ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತು.

ತುಟಿ ಸರಿಯಾಗಿ ಮುಚ್ಚಿರಲಿಲ್ಲವೇನೋ ಎಂದು ಇನ್ನೊಮ್ಮೆ ಮುಕ್ಕಳಿಸಿದೆ. ಮತ್ತೆ ಸೋರಿತು. ಹಿಂದಿನ ಎರಡು ದಿನ ಬಲಗಿವಿಯ ಹಿಂದೆ ಸಣ್ಣ ನೋವಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಕ್ಕೆ ಚಳಿಗಾಳಿ ಬಡಿದಿರಬೇಕು ಎಂದುಕೊಂಡಿದ್ದೆ. ಸೆಮಿಸ್ಟರಿನ ಕೊನೆಯ ವಾರ, ರಜೆ ಹಾಕುವ ಹಾಗಿರಲಿಲ್ಲ. ಕಾಫಿಯನ್ನು ಎಡಗಡೆಯಿಂದ ಕುಡಿದು ಹೊರಟೆ.

ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿ. ನಾನು ಪಾಂಡವಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅವತ್ತು ಮೊದಲ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಅನಿತಾ, ಚೇತನ್, ಕಿರಣ್ ಎಲ್ಲರೂ ಸಲೀಸಾಗಿ ಬಂದರು. ಪಲ್ಲವಿಯ ಹೆಸರಿಗೆ ಬಂದಾಗ ತುಟಿಗಳು ಕೂಡಲಿಲ್ಲ. ‘ಪ’ ಇರಬೇಕಾದ ಕಡೆ ಬರೀ ಗಾಳಿ ಬಂತು. ಮುಂದಿನ ಬೆಂಚಿನ ಇಬ್ಬರು ನಕ್ಕರು. ಪಲ್ಲವಿ ಎದ್ದು ನಿಂತಳು.

“ಮೇಡಂ, ನಿಮ್ಮ ಮುಖ...”

ಫೋನಿನ ಕ್ಯಾಮೆರಾ ತಿರುಗಿಸಿ ನೋಡಿಕೊಂಡೆ. ನನ್ನ ಮುಖದ ಬಲ ಅರ್ಧ ಮಲಗಿಬಿಟ್ಟಿತ್ತು.

ಹುಬ್ಬು ಇಳಿದಿತ್ತು. ಕಣ್ಣು ಅಗಲವಾಗಿ ತೆರೆದುಕೊಂಡಿತ್ತು. ಬಾಯಿಯ ತುದಿ ಕೆಳಗೆ ಜಾರಿತ್ತು. ಎಡ ಅರ್ಧ ಮಾತ್ರ ಗಾಬರಿಯಾಗಿತ್ತು. ಬಲ ಅರ್ಧ ಏನೂ ಗೊತ್ತೇ ಇಲ್ಲದವರ ಹಾಗೆ ಕಾಣುತ್ತಿತ್ತು.

ಅವತ್ತೇ ಅಮ್ಮನ ಜೊತೆ ಮೈಸೂರಿಗೆ ಹೋದೆ; ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಕೇಳಿದರು. ಪ್ರಭಾ ಎನ್ನುವುದು ನನ್ನ ಹೆಸರು. ಎರಡು ಅಕ್ಷರ, ಎರಡಕ್ಕೂ ತುಟಿ ಸೇರಬೇಕು. ಚೀಟಿಯ ಮೇಲೆ ಬರೆದುಕೊಟ್ಟೆ.

ನ್ಯೂರಾಲಜಿಸ್ಟ್ ನಿಧಾನವಾಗಿ ಪರೀಕ್ಷಿಸಿದರು. ಹಣೆ ಸುಕ್ಕು ಮಾಡಿ ಎಂದರು, ಎಡಗಡೆ ಮಾತ್ರ ಆಯಿತು. ಕಣ್ಣು ಬಿಗಿಯಾಗಿ ಮುಚ್ಚಿ ಎಂದರು, ಎಡಗಣ್ಣು ಮುಚ್ಚಿತು, ಬಲಗಣ್ಣು ಅವರನ್ನೇ ನೋಡುತ್ತಿತ್ತು. ಕೈಕಾಲಿನ ಶಕ್ತಿ ನೋಡಿದರು. ಕಿವಿಯೊಳಗೆ ಟಾರ್ಚು ಬಿಟ್ಟರು.

“ಇದು ಸ್ಟ್ರೋಕ್ ಅಲ್ಲ. ಬೆಲ್ಸ್ ಪಾಲ್ಸಿ. ಮುಖ ಆಡಿಸುವ ಫೇಶಿಯಲ್ ನರ್ವ್ ಊದಿಕೊಂಡಿದೆ. ಬೇಗ ಬಂದಿದ್ದೀರಿ, ಅದು ಒಳ್ಳೆಯದು.”

“ಮುಖ ಮೊದಲಿನ ಥರ ಆಯ್ತದಾ ಡಾಕ್ಟ್ರೆ?” ಕೇಳಿದ್ದು ಅಮ್ಮ. ನಾನು ಕೇಳುತ್ತಿರಲಿಲ್ಲ.

“ಹೆಚ್ಚಿನವರಿಗೆ ಆಗುತ್ತದೆ. ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಯಾರಿಗೆ ಎಷ್ಟು ಎಂದು ಇವತ್ತೇ ಹೇಳಲಾಗುವುದಿಲ್ಲ.”

ಸ್ಟೀರಾಯ್ಡ್ ಮಾತ್ರೆಗಳು. ಕಣ್ಣಿಗೆ ಹಗಲು ಡ್ರಾಪ್ಸ್, ಮಲಗುವಾಗ ಆಯಿಂಟ್‌ಮೆಂಟ್ ಹಚ್ಚಿ ರೆಪ್ಪೆಗೆ ಟೇಪ್. ಆಮೇಲೆ ಫಿಸಿಯೋಥೆರಪಿ. ಫಿಸಿಯೋಥೆರಪಿಸ್ಟ್ ಶಬಾನಾ ನನ್ನದೇ ವಯಸ್ಸಿನವರು. ಒಂಬತ್ತು ವ್ಯಾಯಾಮ ಬರೆದಿದ್ದ ಹಾಳೆಯೊಂದನ್ನು ಕೈಗಿಟ್ಟರು. ಹುಬ್ಬು ಎತ್ತುವುದು, ಮೂಗು ಸೊಟ್ಟ ಮಾಡುವುದು, ಕೆನ್ನೆ ಉಬ್ಬಿಸಿ ಊದುವುದು, ಹಲ್ಲು ತೋರಿಸಿ ನಗುವುದು. ಒಂಬತ್ತನೆಯದು ಸಿಳ್ಳೆ ಹೊಡೆಯುವುದು.

“ನನಗೆ ಸಿಳ್ಳೆ ಬರುವುದಿಲ್ಲ,” ಎಂದೆ.

“ಈಗ ಬರಲ್ಲ, ಗೊತ್ತು.”

“ಅಲ್ಲ. ಯಾವತ್ತೂ ಬರುತ್ತಿರಲಿಲ್ಲ.”

ಅವರು ನಕ್ಕರು. “ಹಾಗಾದ್ರೆ ಹೊಸದೊಂದು ಕಲೀತೀರಿ ಬಿಡಿ. ಜೋರು ಮಾತ್ರ ಮಾಡಬೇಡಿ. ಮುಖ ಸಣ್ಣ ಮಗು ಇದ್ದ ಹಾಗೆ, ಬಯ್ದು ಕೆಲಸ ಮಾಡಿಸೋಕಾಗಲ್ಲ.”

ಹೊಸ ಸೆಮಿಸ್ಟರಿಗೆ ಏಳು ವಾರವಿತ್ತು. ಅತಿಥಿ ಉಪನ್ಯಾಸಕಿಯ ಜಾಗ ಯಾರಿಗೂ ಕಾಯುವುದಿಲ್ಲ. ಅಷ್ಟರೊಳಗೆ ತುಟಿ ಕೂಡಬೇಕು, ತರಗತಿಯ ಮುಂದೆ ನಿಲ್ಲುವ ಮುಖ ಬರಬೇಕು. ಇದು ಆಗುತ್ತದೋ ಇಲ್ಲವೋ ಎನ್ನುವುದನ್ನು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಒಂಬತ್ತು ದಿನ ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಹೊರಗೆ ಬಂದರೆ ಮಾಸ್ಕ್. ವ್ಯಾಯಾಮಕ್ಕೆ ಕನ್ನಡಿಯ ಮುಂದೆ ಕೂರಬೇಕು, ಕೂತರೆ ಆ ಮುಖ ಕಾಣುತ್ತದೆ. ಹಾಗಾಗಿ ಕೂರುತ್ತಿರಲಿಲ್ಲ. ಬಲಗಿವಿಗೆ ಎಲ್ಲ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅನ್ನ ಕೆನ್ನೆ ಮತ್ತು ಹಲ್ಲಿನ ನಡುವೆ ಸಿಕ್ಕಿಕೊಂಡು, ಬೆರಳು ಹಾಕಿ ತೆಗೆಯಬೇಕಾಗುತ್ತಿತ್ತು. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ. ನೋಡಲು ಬಂದ ನೆಂಟರು ಗಾಳಿ ತಾಕಿದೆ ಎಂದರು, ದೃಷ್ಟಿ ಎಂದರು. ಅಮ್ಮ ಎಲ್ಲಕ್ಕೂ ತಲೆಯಾಡಿಸಿ, ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕರಿಘಟ್ಟದ ದೇವಸ್ಥಾನದ ಮೆಟ್ಟಿಲು ಹತ್ತಿ ಬಂದಳು. ಬಂದವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೇಳಿದಳು: “ದೊಡ್ಡಮ್ಮನ ಊರಿಗೆ ಹೋಗಿರು. ಅಲ್ಲಿ ನಿನ್ನ ಯಾರೂ ಅಷ್ಟಾಗಿ ಬಲ್ಲೋರಿಲ್ಲ.”

ಆ ಒಂದು ಕಾರಣಕ್ಕೇ ಒಪ್ಪಿಕೊಂಡೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಶೀಳನೆರೆಯಿಂದ ಸ್ವಲ್ಪ ಒಳಗಿರುವ ಊರು ಅವರದು. ಎರಡು ಹಸು, ಒಂದಿಷ್ಟು ಗದ್ದೆ, ಮೈಕಿಗಿಂತ ಗಟ್ಟಿಯಾದ ಧ್ವನಿ. ಮನೆಗೆ ಅವರದೇ ಕಾನೂನುಗಳಿವೆ. ಮುಸ್ಸಂಜೆ ತಲೆ ಬಾಚಬಾರದು. ಹೊಸಿಲ ಮೇಲೆ ಕೂರಬಾರದು. ಹೆಣ್ಣುಮಕ್ಕಳು ಸಿಳ್ಳೆ ಹೊಡೆಯಬಾರದು, ಹೊಡೆದರೆ ಮನೆಯ ಲಕ್ಷ್ಮಿ ಎದ್ದುಹೋಗುತ್ತಾಳೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಹೋದಾಗಲೆಲ್ಲ ಇವನ್ನು ಕೇಳಿ ಬೆಳೆದಿದ್ದೇನೆ.

ಬಸ್ಸಿಳಿದ ಮೇಲೆ ನನ್ನ ಮಾಸ್ಕನ್ನು ಅವರೇ ಕೆಳಗೆಳೆದು ನೋಡಿದರು.

“ಇಷ್ಟೇ ತಾನೆ? ನಾನೇನೋ ಅಂದ್ಕೊಂಡಿದ್ದೆ. ಬಾ, ಉಣ್ಣು.”

ಬಿಸಿ ಮುದ್ದೆ, ಅವರೆಕಾಳಿನ ಸಾರು. ತಟ್ಟೆ ಹಿಡಿದು ಒಳಕೋಣೆಗೆ ಹೊರಟವಳನ್ನು ತಡೆದರು.

“ಎಲ್ಗೋಯ್ತೀಯ? ಇಲ್ಲೇ ಕುಂತ್ಕೊ.”

“ಸಿಕ್ಕಿಕೊಳ್ಳುತ್ತೆ ದೊಡ್ಡಮ್ಮ, ಅಗಿಯೋಕಾಗಲ್ಲ.”

“ಮುದ್ದೆ ಯಾವ್ ದಡ್ಡಿ ಅಗೀತಾಳೆ? ನುಂಗವ್ವ.”

ನುಂಗಿದೆ. ಮುದ್ದೆಗೆ ಕೆನ್ನೆಯ ಹಂಗಿಲ್ಲ ಎನ್ನುವುದು ಇಪ್ಪತ್ತೆಂಟು ವರ್ಷ ಮುದ್ದೆ ತಿಂದ ನನಗೆ ಅವತ್ತು ಗೊತ್ತಾಯಿತು. ನಾಲಗೆಯಿಂದ ನೇರ ಗಂಟಲಿಗೆ ಇಳಿಯುತ್ತದೆ, ಏನೂ ಉಳಿಯುವುದಿಲ್ಲ, ಏನೂ ಸೋರುವುದಿಲ್ಲ. ಹತ್ತು ದಿನದ ಮೇಲೆ ಇನ್ನೊಬ್ಬರ ಎದುರಿಗೆ ಕೂತು ಉಂಡೆ. ಎರಡನೆಯ ಮುದ್ದೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ವ್ಯಾಯಾಮದ ಹಾಳೆ ಕೇಳಿದರು. ಅವರಿಗೆ ಓದು ಬರುವುದಿಲ್ಲ, ನಾನು ಓದಿದೆ. ಎಂಟು ಓದಿ ನಿಲ್ಲಿಸಿದೆ. ಒಂಬತ್ತನೆಯದನ್ನು ಆ ಮನೆಯಲ್ಲಿ ಓದುವ ಧೈರ್ಯ ಬರಲಿಲ್ಲ.

“ಕೆನ್ನೆ ಉಬ್ಸಿ ಊದೋದಾ?” ಎಂದು ಅವರು ಎದ್ದರು. “ಇದ್ನೇಳೋಕೆ ಮೈಸೂರ್ ಆಸ್ಪತ್ರೆ ಬೇಕಿತ್ತಾ?”

ಬಚ್ಚಲ ಒಲೆಯ ಪಕ್ಕದಿಂದ ಊದುಗೊಳವೆ ತಂದು ಕೊಟ್ಟರು. ದಿನಾ ಬೆಳಿಗ್ಗೆ ಹಂಡೆಯ ನೀರು ಕಾಯಿಸುವ ಬೆಂಕಿ ಊದುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಅರ್ಧ ಗಾಳಿ ಬಲಗಡೆಯಿಂದ ತಪ್ಪಿಸಿಕೊಂಡಿತು. ತುಟಿಯ ಆ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಊದಿದೆ. ಕೊಳವೆಯ ತುದಿಯಲ್ಲಿ ಕೆಂಡ ಕೆಂಪಾದಾಗ ನನಗೆ ಖುಷಿಯಾಯಿತು. ಏನೋ ಒಂದನ್ನು ಮಾಡಿದ್ದೆ. ಆ ಖುಷಿಯಲ್ಲಿ ಒಂದು ಸಣ್ಣ ವಿಷಯ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಚ್ಚದ ಕಣ್ಣು ಹೊಗೆಯ ಮುಂದಿತ್ತು.

ನಾಲ್ಕನೆಯ ದಿನ ಕಣ್ಣು ಕೆಂಡದಷ್ಟೇ ಕೆಂಪಾಗಿತ್ತು. ಕೆ.ಆರ್. ಪೇಟೆಯ ಕಣ್ಣಿನ ಡಾಕ್ಟರು ಲೈಟು ಬಿಟ್ಟು ನೋಡಿ, ಕಾರ್ನಿಯಾ ಒಣಗಿ ಗೀರಿದೆ ಎಂದರು. ಹೇಗಾಯಿತು ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಕೆಮಿಸ್ಟ್ರಿ ಎಂ.ಎಸ್ಸಿ. ಅಂದ್ರಲ್ಲ?”

“ಹೌದು.”

“ಲ್ಯಾಬಲ್ಲಿ ಕನ್ನಡಕ ಹಾಕದೆ ಮಕ್ಕಳನ್ನ ಒಳಗೆ ಬಿಡ್ತೀರಾ?”

ದೊಡ್ಡಮ್ಮ ಮುಂದೆ ಬಂದರು. “ತೆಪ್ಪು ನಂದು ಸ್ವಾಮಿ. ಅವ್ಳ ಬಯ್ಬ್ಯಾಡಿ.” ಅವರು ಯಾರ ಮುಂದಾದರೂ ತಪ್ಪು ಒಪ್ಪಿಕೊಂಡಿದ್ದನ್ನು ಅದೇ ಮೊದಲು ನೋಡಿದ್ದು.

ಕಣ್ಣು ವಾರದಲ್ಲಿ ವಾಸಿಯಾಯಿತು. ಆದರೆ ದೊಡ್ಡಮ್ಮ ಕೈಕಟ್ಟಿ ಕೂರುವವರಲ್ಲ. ಡಾಕ್ಟರ ಹತ್ತಿರ ಹೋಗಿಬಂದ ದಿನ ಮಧ್ಯಾಹ್ನವೇ ಊದುಗೊಳವೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತೊಳೆದರು. ಅರ್ಧ ಬಕೆಟ್ ನೀರು ತಂದು ಜಗಲಿಯ ಮೇಲಿಟ್ಟು, ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿದರು.

“ಇಲ್ಲೂದು. ಇಲ್ಲಿ ಯಾವ್ ಹೊಗೆ ಬತ್ತದೋ ನೋಡೇ ಬುಡ್ತೀನಿ.”

ಊದಿದೆ. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಅದೇ ಹೊತ್ತಿಗೆ ಪಕ್ಕದ ಮನೆಯ ಗೌರಮ್ಮ ಒಂದು ಮೊರದ ತುಂಬ ನೆನೆಸಿದ ಅವರೆಕಾಳು ಹಿಡಿದು ಬಂದರು. ಇದುಕುಬೇಳೆಗೆ ಒಂದೊಂದೇ ಕಾಳನ್ನು ಹಿಸುಕಿ ಸಿಪ್ಪೆ ಬಿಡಿಸಬೇಕು, ಒಬ್ಬರೇ ಮಾಡಿದರೆ ಮುಗಿಯುವುದಿಲ್ಲ. ಹಾಗಾಗಿ ಅವರೆಯ ಕಾಲದಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಹಾಲು ಕರೆಯುವ ತನಕ ಬೀದಿಯ ಹೆಂಗಸರು ಯಾವುದಾದರೂ ಒಂದು ಜಗಲಿಯಲ್ಲಿ ಕೂಡುತ್ತಾರೆ.

ಗೌರಮ್ಮ ನಮ್ಮನ್ನು ನೋಡಿ ನಿಂತರು.

“ಇದೇನ್ ದೊಡ್ಡವ್ವ, ನೀರ್ಗೆ ಬೆಂಕಿ ಅಚ್ಚುಸ್ತಾ ಇದ್ದೀಯ?”

ನಾನು ದುಪಟ್ಟಾದ ತುದಿ ಬಾಯಿಗಿಟ್ಟೆ. ದೊಡ್ಡಮ್ಮ ನನ್ನ ಕಾಯಿಲೆಯನ್ನು, ಹಾಳೆಯನ್ನು, ಕಣ್ಣಿನ ಡಾಕ್ಟರನ್ನು, ತಮ್ಮ ತಪ್ಪನ್ನು, ಒಂದೂ ಬಿಡದೆ ಅವರಿಗೆ ಹೇಳಿದರು. ಭೂಮಿ ಬಾಯಿ ಬಿಡಬಾರದೆ ಅನಿಸಿತು. ಗೌರಮ್ಮ ಎಲ್ಲ ಕೇಳಿ, ಕೊಳವೆ ಇಸಿದುಕೊಂಡು ತಾವೂ ಊದಿದರು. ನೀರು ಚಿಮ್ಮಿ ಅವರ ಮುಖಕ್ಕೇ ಬಿತ್ತು.

“ಅಯ್ಯಯ್ಯಪ್ಪ! ಇದು ಕಷ್ಟದ್ ಕೆಲ್ಸವೇ ಕಣಮ್ಮಿ. ಇನ್ನೇನೇನ್ ಮಾಡ್ಬೇಕಂತೆ ಓದು.”

ಹೀಗೆ ಶುರುವಾಯಿತು. ಮಾರನೆಯ ದಿನ ಆರು ಜನ, ಆಮೇಲೆ ಒಂಬತ್ತು ಹತ್ತು ಜನ. ಕೈಗೆ ಅವರೆಕಾಳಿನ ಕೆಲಸವಿತ್ತು, ಮುಖ ಬಿಡುವಾಗಿತ್ತು. ನಾನು ಹಾಳೆ ನೋಡಿ ಹೇಳುತ್ತಿದ್ದೆ, ಅವರೆಲ್ಲ ಮಾಡುತ್ತಿದ್ದರು. ಹುಬ್ಬು ಎತ್ತಿ. ಹತ್ತು ಜೊತೆ ಹುಬ್ಬು ಮೇಲೇಳುತ್ತಿದ್ದವು. ಮೂಗು ಸೊಟ್ಟ ಮಾಡಿ. ಕೆನ್ನೆ ಉಬ್ಬಿಸಿ. ದಾರಿಯಲ್ಲಿ ಹೋಗುವ ಗಂಡಸರು ತಲೆ ತಗ್ಗಿಸಿಕೊಂಡು ಬಿರಬಿರನೆ ನಡೆಯುತ್ತಿದ್ದರು. ಕನ್ನಡಿಯ ಮುಂದೆ ಒಂದು ನಿಮಿಷ ಕೂರಲಾಗದ ನಾನು ಇವರ ನಡುವೆ ಹತ್ತು ನಿಮಿಷ ಕೂತಿರುತ್ತಿದ್ದೆ. ಅಷ್ಟೊಂದು ಸೊಟ್ಟ ಮುಖಗಳ ನಡುವೆ ನನ್ನದು ಯಾವ ಲೆಕ್ಕ?

ನಾನು ಹೆಚ್ಚು ಜನರೊಡನೆ ಬೆರೆಯುವವಳಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದೂ ನನ್ನ ಹುಟ್ಟುಹಬ್ಬ ಯಾರಿಗೂ ಗೊತ್ತಾಗದಂತೆ ನೋಡಿಕೊಂಡವಳು. ನನ್ನ ದೇಹದ ಸಂಗತಿ ನನ್ನದೊಬ್ಬಳದೇ ಎಂದು ನಂಬಿದ್ದೆ. ಈಗ ಒಂದು ಬೀದಿಗೆ ಬೀದಿಯೇ ನನ್ನ ಬಲಗೆನ್ನೆಯನ್ನು ತಮ್ಮ ಹಸುವಿನ ಕೆಚ್ಚಲು ನೋಡುವಷ್ಟು ಸಹಜವಾಗಿ ನೋಡುತ್ತಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವವರು ಬಾಗಿಲಲ್ಲಿ ನಿಂತು “ಬಂತೇನವ್ವ?” ಎಂದು ನನ್ನ ಕೆನ್ನೆಯ ಸುದ್ದಿ ಕೇಳುತ್ತಿದ್ದರು. ಮೊದಲೆರಡು ದಿನ ಮೈ ಉರಿಯಿತು. ಮೂರನೆಯ ದಿನ ಯಾರೂ ಕೇಳದಿದ್ದರೆ ಏನೋ ಕಡಿಮೆ ಅನಿಸತೊಡಗಿತು.

ಜಯಕ್ಕ ಬರತೊಡಗಿದ್ದು ಎರಡನೆಯ ವಾರ. ಮೂರು ಮನೆ ಆಚೆಯವರು, ಐವತ್ತರ ಹತ್ತಿರದ ವಯಸ್ಸು. ಜಗಲಿಯ ತುದಿಯಲ್ಲಿ ಕೂರುತ್ತಿದ್ದರು. ಒಂದು ಕೈ ಸದಾ ಸೆರಗು ಹಿಡಿದು ಬಾಯಿಯ ಮೇಲಿರುತ್ತಿತ್ತು, ಅವರೆಕಾಳನ್ನು ಇನ್ನೊಂದೇ ಕೈಯಲ್ಲಿ ಹಿಸುಕುತ್ತಿದ್ದರು. ಹಲ್ಲು ತೋರಿಸಿ ನಗುವ ವ್ಯಾಯಾಮ ಬಂದಾಗ ಗೋಡೆಯ ಕಡೆ ತಿರುಗುತ್ತಿದ್ದರು. ಹಾಗೆ ತಿರುಗುವುದು ನನಗೆ ಗೊತ್ತಿತ್ತು. ಅದು ನನ್ನದೇ ಚಾಳಿ.

ಒಂದು ದಿನ ಎಲ್ಲರೂ ಎದ್ದುಹೋದ ಮೇಲೆ ಅವರೇ ಹತ್ತಿರ ಬಂದು ಸೆರಗು ತೆಗೆದರು. ಬಾಯಿಯ ಎಡ ತುದಿ ಕೆಳಗಿಳಿದು ಅಲ್ಲೇ ಬಿಗಿದಿತ್ತು.

“ನಂಗೂ ಇಂಗೇ ಆಗಿತ್ತು ಕಣವ್ವ. ಆಗ ನನ್ ಮಗ ಹೊಟ್ಟೇಲಿದ್ದ. ಗಾಳಿ ಹೊಡೀತು ಅಂದ್ರು. ಅದ್ಯಾವ್ದೋ ಸೊಪ್ಪು ಅರ್ದು ಕಟ್ಟುದ್ರು. ವಸಿ ಬಂತು. ಮಿಕ್ಕುದ್ದು ಬರ್ನೇ ಇಲ್ಲ.”

“ಆಸ್ಪತ್ರೆಗೆ ಹೋಗಲಿಲ್ಲವಾ ಜಯಕ್ಕ?”

“ಮೊಕಕ್ಕೆ ಅಂತ ಆಸ್ಪತ್ರೆಗೆ ಯಾರವ್ವ ಓಯ್ತಾರೆ? ಕೈಕಾಲು ಆಡ್ತಿದ್ವಲ್ಲ.”

ಮಗನಿಗೆ ಈಗ ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ವರ್ಷ ಒಂದು ಕೈ ಸೆರಗಿಗೆ ಮೀಸಲಾಗಿತ್ತು. ಅವತ್ತು ಸಂಜೆ ನನಗೆ ಮುದ್ದೆಯೂ ಇಳಿಯಲಿಲ್ಲ. ಉಳಿದುಬಿಟ್ಟರೆ ಹೇಗಿರುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿದ್ದೆ. ಮಾತ್ರೆಗಳು ಮುಗಿದಿದ್ದವು. ಮೂರು ವಾರ ಕಳೆದಿತ್ತು. ಬಲಗೆನ್ನೆ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಅದು ಅಲುಗಿದ್ದು ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ.

ಗೌರಮ್ಮ ತಮ್ಮ ಗಂಡ ಆಧಾರ್ ಫೋಟೋ ತೆಗೆಸಿಕೊಂಡ ಕತೆ ಹೇಳುತ್ತಿದ್ದರು. “ಆ ಹುಡ್ಗಿ ಕಂಪೂಟ್ರು ಮುಂದೆ ಕುಂತ್ಕೊಂಡು, ಮುಖ ನೇರ ಇಟ್ಕೊಳ್ಳಿ ಯಜಮಾನ್ರೆ ಅಂದ್ಳು. ಇವ್ರು ಇಂಗ್ ತಿರುಗುದ್ರು, ಅಂಗ್ ತಿರುಗುದ್ರು. ಅವ್ಳು ಇನ್ನೂ ನೇರ ಇನ್ನೂ ನೇರ ಅಂತಾವ್ಳೆ. ಕೊನೀಗೆ ಸಿಟ್ ಬಂದು, ‘ಇದೇ ಕಣಮ್ಮ ನಮ್ದು ನೇರ, ಇಟ್ಕಂಡ್ರೆ ಇಟ್ಕೊ, ಬುಟ್ರೆ ಬುಡು’ ಅಂದ್ಬುಟ್ರು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಜಯಕ್ಕ ಹಿಸುಕುತ್ತಿದ್ದ ಕಾಳು ಬಿಟ್ಟು ಎದ್ದು ನಿಂತರು.

“ಅಲುಗ್ತು.”

“ಏನು?”

“ಅವ್ಳ ಬಲಗೆನ್ನೆ. ನಾನ್ ನೋಡ್ದೆ. ಅಲುಗ್ತು!”

ದೊಡ್ಡಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. “ಇನ್ನೊಂದ್ಸಲ ನಗು ಮಗ.”

ನಗು ಬರಲಿಲ್ಲ. ಹತ್ತು ಜನ ಉಸಿರು ಬಿಗಿಹಿಡಿದು ಮುಖವನ್ನೇ ನೋಡುತ್ತಿದ್ದರೆ ಯಾರಿಗೆ ನಗು ಬರುತ್ತದೆ?

“ಏ ಗೌರಿ, ಇನ್ನೊಂದ್ ಏಳೆ!” ಎಂದು ದೊಡ್ಡಮ್ಮ ಗದರಿದರು.

“ಇರಿ ಇರಿ, ಏಳ್ತೀನಿ... ಒಂದ್ಸಲ ಏನಾಯ್ತು ಅಂದ್ರೆ... ಅಯ್ಯೋ ಶಿವನೆ, ಒಂದೂ ಗ್ಯಾಪ್ಕ ಬತ್ತಿಲ್ವಲ್ಲ!” ಗೌರಮ್ಮ ತಲೆ ಮೇಲೆ ಕೈ ಹೊತ್ತು ಕೂತರು. “ದಿನಾ ಬಾಯ್ ಮುಚ್ಕೊ ಅಂತ ಬಯ್ಯೋರು, ಇವತ್ತು ಏಳು ಅಂತಾವ್ರೆ, ಎಂಗ್ ಬಂದಾತು?”

ಅವರ ಗಾಬರಿ ನೋಡಿ ತಡೆಯಲಾಗಲಿಲ್ಲ. ನಕ್ಕೆ. ಈ ಸಲ ನನಗೇ ಗೊತ್ತಾಯಿತು. ಕೆನ್ನೆಯೊಳಗೆ ಎಲ್ಲೋ ಒಂದು ದಾರ ಸಣ್ಣಗೆ ಎಳೆದ ಹಾಗೆ. ಹತ್ತೂ ಜನ ಒಟ್ಟಿಗೆ ಕೂಗಿದರು. ಒಂದು ಮೊರ ಅವರೆಬೇಳೆ ಜಗಲಿಯಿಂದ ಕೆಳಗೆ ಬಿತ್ತು. ಅದನ್ನು ಬಯ್ಯುವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ.

ಅಮ್ಮನಿಗೆ ಫೋನು ಮಾಡಿದೆ. ಅವಳು ಅತ್ತಳು. ನಾನು ಅಳಲಿಲ್ಲ, ಹಾಗೆ ನೋಡಿದರೆ ಅವತ್ತು ಮತ್ತೆ ಮತ್ತೆ ನಗುವುದೇ ನನ್ನ ಕೆಲಸವಾಗಿತ್ತು.

ಹಬ್ಬ ಕಳೆದು ಮೈಸೂರಿಗೆ ಫಾಲೋ-ಅಪ್‌ಗೆ ಹೋದೆವು. ದೊಡ್ಡಮ್ಮನೂ ಬಂದರು. ಡಾಕ್ಟರು ಸಂತೋಷಪಟ್ಟರು. ಹುಬ್ಬು ಅರ್ಧ ಏಳುತ್ತಿತ್ತು, ಕಣ್ಣು ಹೆಚ್ಚುಕಡಿಮೆ ಮುಚ್ಚುತ್ತಿತ್ತು. ಹಿಂದೆ ಬಿದ್ದಿದ್ದು ತುಟಿ. ಅಲ್ಲಿಂದ ಶಬಾನಾ ಅವರ ಕೋಣೆಗೆ ಹೋದೆವು. ಅವರು ‘ಪಾಪ, ಬಾಬು, ಮಾಮ’ ಹೇಳಿಸಿದರು. ಮೂರಲ್ಲೂ ಗಾಳಿ ಸೋರಿತು. ಹೊಸ ಸೆಮಿಸ್ಟರಿಗೆ ಎರಡೂವರೆ ವಾರ ಉಳಿದಿತ್ತು.

“ಒಂಬತ್ತನೆಯದು ಮಾಡ್ತಿದ್ದೀರಾ?”

ನಾನು ದೊಡ್ಡಮ್ಮನ ಕಡೆ ನೋಡಲಿಲ್ಲ. “ಇಲ್ಲ.”

“ಅದೇ ಮುಖ್ಯ ನಿಮಗೆ. ತುಟಿ ಸುತ್ತ ಇರೋ ಮಾಂಸಖಂಡಕ್ಕೆ ಅದೇ ಕೆಲಸ ಕೊಡೋದು.”

“ಒಂಬತ್ತ್ ಎಲ್ಲವ್ವ? ಎಂಟೇ ಅಲ್ವಾ ಇದ್ದಿದ್ದು?” ಎಂದರು ದೊಡ್ಡಮ್ಮ.

“ಸಿಳ್ಳೆ ಅಮ್ಮ,” ಎಂದರು ಶಬಾನಾ.

ದೊಡ್ಡಮ್ಮನ ಮುಖ ಗಟ್ಟಿಯಾಯಿತು. “ದೀಪ ಅಚ್ಚೋ ಮನೇಲಿ ಹೆಣ್ಮಗ ಸಿಳ್ಳೆ ಹೊಡುದ್ರೆ...”

“ನಮ್ಮ ದಾದೀನೂ ಬಯ್ಯೋರು, ಹೆಣ್ಣುಮಕ್ಕಳು ಸೀಟಿ ಹೊಡೀಬಾರ್ದು ಅಂತ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ದಿನಾ ಹೊಡೀತೀನಿ. ಪೇಷಂಟಿಗೆ ತೋರಿಸ್ಬೇಕಲ್ಲ.”

“ನಿಮ್ಮಜ್ಜಿ ಏನಂದ್ರು?”

“ಮನೇಲಿ ಬೇಡ, ಆಸ್ಪತ್ರೇಲಿ ಹೊಡ್ಕೋ ಅಂದ್ರು.”

ದೊಡ್ಡಮ್ಮ ಊರು ಬರುವ ತನಕ ಆ ಮಾತನ್ನೇ ಯೋಚಿಸಿರಬೇಕು. ಮಾರನೆಯ ಬೆಳಿಗ್ಗೆ ಹಾಲು ಹಾಕಿ ಬಂದವರು ತೀರ್ಪು ಕೊಟ್ಟರು.

“ಮನೆ ಒಳ್ಗೆ ಬ್ಯಾಡ. ಜಗಲಿ ಮ್ಯಾಲೂ ಬ್ಯಾಡ. ನಾಲೆ ಏರಿ ಮ್ಯಾಲೆ ಓಗಿ ಹೊಡ್ಕೊ. ಅಲ್ಲೇನ್ ನಮ್ ದೇವ್ರ ಗೂಡಿಲ್ಲ. ಜಯನ್ನ ಜೊತೇಲಿ ಕರ್ಕೊಂಡೋಗು.”

ನಾಲೆಯ ಏರಿಯ ಮೇಲೆ ಎಳೆ ಬಿಸಿಲಿತ್ತು. ಕೊಯ್ಲಾದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ತುಟಿ ಮುಂದೆ ಮಾಡಿ ಊದಿದೆ. ಫೂ. ಮತ್ತೆ ಊದಿದೆ. ಫೂ. ಬಲಗಡೆ ತುಟಿ ಸೇರುತ್ತಲೇ ಇರಲಿಲ್ಲ, ಸೇರದೆ ಸಿಳ್ಳೆ ಹುಟ್ಟುವುದಿಲ್ಲ ಎಂದು ನನ್ನ ವಾದ. ಹದಿನೈದು ಸಲ ಊದಿ, ತಲೆ ಸುತ್ತಿ, ತೂಬಿನ ಕಲ್ಲಿನ ಮೇಲೆ ಕೂತೆ.

“ಇದು ಆಗಲ್ಲ ಜಯಕ್ಕ. ಪೂರ್ತಿ ಸರಿಹೋಗೋ ತನಕ ಆಗಲ್ಲ.”

ಜಯಕ್ಕ ಏರಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಯಾರೂ ಇರಲಿಲ್ಲ. ಸೆರಗು ಬಿಟ್ಟರು. ಬಾಯಿಯ ಬಲ ತುದಿಯನ್ನು, ಅಂದರೆ ತಮ್ಮ ಒಳ್ಳೆಯ ತುದಿಯನ್ನು, ಒಂದಿಷ್ಟು ಮಡಿಸಿ, ನಾಲಗೆ ಒತ್ತಿ, ಊದಿದರು.

ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಅಂಥ ಸಿಳ್ಳೆಯನ್ನು ನಾನು ಕೇಳಿರಲಿಲ್ಲ. ನಾಲೆಯ ನೀರಿನ ಮೇಲೆ ಹಾದು ಆಚೆ ದಡ ಮುಟ್ಟಿ ತಿರುಗಿ ಬಂತು. ಕಿವಿ ನೋಯಲಿಲ್ಲ. ಬಲಗಿವಿಗೆ ಸದ್ದುಗಳು ಯಾವಾಗಲೋ ಹದಕ್ಕೆ ಬಂದಿದ್ದವು ಎನ್ನುವುದು ಆಗಲೇ ನನ್ನ ಗಮನಕ್ಕೆ ಬಂದಿದ್ದು.

“ಎಲ್ಲಿ ಕಲಿತಿರಿ?”

“ಚಿಕ್ಕೋಳಿದ್ದಾಗ ಜೋಳದ್ ಹೊಲ ಕಾಯ್ತಿದ್ದೆ ಕಣವ್ವ. ಗಿಣಿ ಓಡ್ಸೋಕೆ ಅಂತ ನಮ್ಮಪ್ಪನೇ ಕಲ್ಸಿದ್ರು. ಬಾಯಿ ಇಂಗಾದ್ಮೇಲೆ ಓಯ್ತೇನೋ ಅಂದ್ಕೊಂಡು ಒಂದಿನ ಇಲ್ಲೇ ಬಂದು ಹೊಡುದ್ ನೋಡ್ದೆ. ಬಂತು. ಯಾರ್ಗೂ ಏಳ್ನಿಲ್ಲ.” ಅವರು ನಕ್ಕರು, ಸೆರಗಿಲ್ಲದೆ. “ಅರ್ಧ ಬಾಯಲ್ಲೂ ಬತ್ತದೆ. ಪೂರ್ತಿ ಬಾಯಿ ಬೇಕು ಅಂತ ನಿಂಗ್ಯಾರಂದ್ರು?”

ನನಗೆ ಯಾರೂ ಅಂದಿರಲಿಲ್ಲ. ನಾನೇ ಅಂದುಕೊಂಡಿದ್ದೆ. ಮುಖ ಪೂರ್ತಿ ವಾಪಸ್ ಬಂದ ಮೇಲೆ ತರಗತಿಗೆ ಹೋಗುವುದು, ಪೂರ್ತಿ ಬಂದ ಮೇಲೆ ಮಾಸ್ಕ್ ತೆಗೆಯುವುದು, ಪೂರ್ತಿ ಬಂದ ಮೇಲೆ ಫೋನೆತ್ತಿ ಗೆಳತಿಯರ ಜೊತೆ ಮಾತಾಡುವುದು. ಎಲ್ಲವನ್ನೂ ಆ ‘ಪೂರ್ತಿ’ಯ ಆಚೆಗೆ ಇಟ್ಟುಬಿಟ್ಟಿದ್ದೆ. ಇಲ್ಲಿ ಅರ್ಧ ಬಾಯಿಯ ಹೆಂಗಸೊಬ್ಬರು ಒಂದು ಗದ್ದೆಯ ಹಕ್ಕಿಗಳನ್ನು ಎಬ್ಬಿಸಿದ್ದರು.

ಐದು ದಿನ ಬೆಳಿಗ್ಗೆ ಅವರೇ ಹೇಳಿಕೊಟ್ಟರು. ಆರನೆಯ ಬೆಳಿಗ್ಗೆ ನನ್ನ ಎಡ ತುದಿಯಿಂದ ಒಂದು ಸಿಳ್ಳೆ ಬಂತು. ಸಣ್ಣದು, ಸೀಳಿದ್ದು, ಆದರೆ ಸಿಳ್ಳೆಯೇ. ಒಳ್ಳೆಯ ಕಡೆಯಿಂದಲೇ ಹೊಡೆಯುತ್ತಾ ಕೂರಬೇಡಿ, ನಿಧಾನಕ್ಕೆ ನಡುವಿಗೆ ತನ್ನಿ ಎಂದು ಶಬಾನಾ ಫೋನಿನಲ್ಲಿ ತಿದ್ದಿದರು. ದಿನಕ್ಕೊಂದಿಷ್ಟು ಬಲಕ್ಕೆ ಸರಿಸಿದೆ. ಊರಿನಿಂದ ಹೊರಡುವ ಮುಂಚಿನ ದಿನ ತುಟಿಯ ನಡುವಿನಿಂದ ಹೊಡೆದೆ. ಜಯಕ್ಕ ಆಚೆ ದಡದಿಂದ ಉತ್ತರ ಕೊಟ್ಟರು.

ಅವರನ್ನೂ ಒಮ್ಮೆ ಮೈಸೂರಿಗೆ ಕರೆದುಕೊಂಡು ಹೋದೆ. ಇಷ್ಟು ವರ್ಷದ ಮೇಲೆ ನರ ಮೊದಲಿನಂತಾಗುವುದು ಕಷ್ಟ, ಬಿಗಿತ ಒಂದಿಷ್ಟು ಸಡಿಲಿಸಬಹುದು ಎಂದರು ಡಾಕ್ಟರು. “ಅಷ್ಟಾದ್ರೆ ಸಾಕ್ ಬುಡಿ,” ಎಂದರು ಜಯಕ್ಕ. ಅದರ ನಂತರ ನಾನು ಊರಿಗೆ ಹೋದಾಗ ಜಗಲಿಯ ಮೇಲೆ ಅವರು ಆ ವರ್ಷದ ಕೊನೆಯ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಎರಡೂ ಕೈ ಮೊರದಲ್ಲಿದ್ದವು.

ಫೆಬ್ರವರಿಯಲ್ಲಿ ತರಗತಿಗೆ ಹೋದೆ. ಮಾಸ್ಕ್ ಬ್ಯಾಗಿನಲ್ಲಿತ್ತು, ಅಲ್ಲೇ ಉಳಿಯಿತು. ಹಾಜರಿ ಕರೆದೆ. ಪಲ್ಲವಿ ಎನ್ನುವಾಗ ತುಟಿ ಸೇರಿತು, ‘ಪ’ ಪೂರ್ತಿ ದುಂಡಗಿರಲಿಲ್ಲ, ಆದರೂ ‘ಪ’ವೇ. ಅವಳು ‘ಪ್ರೆಸೆಂಟ್ ಮೇಡಂ’ ಎಂದು ಅಗತ್ಯಕ್ಕಿಂತ ಜೋರಾಗಿ ಕೂಗಿದಳು.

ನಾನು ರಸಾಯನಶಾಸ್ತ್ರ ಓದಿದವಳು, ಯಾವುದು ಎಷ್ಟು ಕೆಲಸ ಮಾಡಿತು ಎಂದು ಕೇಳಿಕೊಳ್ಳದೆ ಇರಲಾರೆ. ಹೊತ್ತಿಗೆ ಸರಿಯಾಗಿ ಸಿಕ್ಕಿದ ಸ್ಟೀರಾಯ್ಡ್ ಎಷ್ಟು, ನರ ತಾನಾಗಿ ಚೇತರಿಸಿಕೊಂಡಿದ್ದು ಎಷ್ಟು, ಎಂಟು ವ್ಯಾಯಾಮ ಎಷ್ಟು, ಒಂಬತ್ತನೆಯದು ಎಷ್ಟು, ನಾಲೆಯ ಬಿಸಿಲು, ಮುದ್ದೆ, ಹತ್ತು ಹೆಂಗಸರ ನಗು ಎಷ್ಟು. ಬೇರ್ಪಡಿಸಿ ತೂಗುವ ತಕ್ಕಡಿ ನನ್ನಲ್ಲಿಲ್ಲ. ಮುಖ ಓರೆಯಾದವರು ಮೊದಲು ಆಸ್ಪತ್ರೆಗೆ ಓಡಬೇಕು, ಅವತ್ತೇ ಓಡಬೇಕು, ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಆಸ್ಪತ್ರೆಯಿಂದ ಬಂದ ಮೇಲೆ ಬಾಗಿಲು ಹಾಕಿಕೊಳ್ಳಬಾರದು, ಇದನ್ನು ಅಷ್ಟೇ ಖಚಿತವಾಗಿ ಹೇಳಬೇಕು ಅನಿಸುತ್ತದೆ.

ಒಂದಿಷ್ಟು ಉಳಿದಿದೆ. ಜೋರಾಗಿ ನಕ್ಕರೆ ಬಲಗಣ್ಣು ತಾನಾಗಿ ಅರ್ಧ ಮುಚ್ಚುತ್ತದೆ. ನರ ಮತ್ತೆ ಬೆಳೆಯುವಾಗ ಕೆಲವು ಎಳೆಗಳು ದಾರಿ ತಪ್ಪುತ್ತವಂತೆ. ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಗೌರಮ್ಮ ಇದನ್ನು ನೋಡಿದ ದಿನವೇ ಅಪ್ಪಣೆ ಕೊಟ್ಟಿದ್ದಾರೆ: “ಬಸ್ಸಲ್ಲಿ ಮಾತ್ರ ನಗ್ಬ್ಯಾಡ ಕಣಮ್ಮಿ, ಕಂಡಕ್ಟ್ರು ಟಿಕೀಟ್ ಕೊಡೋದ್ ಮರ್ತ್‌ಬುಟ್ಟಾನು.”

ದೊಡ್ಡಮ್ಮ ಈಗಲೂ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಫೋನು ಮಾಡುತ್ತಾರೆ. “ಬಂತೇನವ್ವ?” ಎನ್ನುವುದೇ ಅವರ ನಮಸ್ಕಾರ. ಏನು ಬರಬೇಕಿತ್ತೋ ಅದು ಬಂದು ತಿಂಗಳಾದರೂ ಆ ಪ್ರಶ್ನೆ ಬಿಟ್ಟಿಲ್ಲ.

ಇವತ್ತು ಫೋನು ಎತ್ತಿದಾಗ ಆ ಪ್ರಶ್ನೆ ಬರಲಿಲ್ಲ. ಗಾಳಿಯ ಸದ್ದು ಮಾತ್ರ ಕೇಳಿತು. ಫೂ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಫೂ. ಹಿಂದೆ ಜಯಕ್ಕನ ನಗು.

“ದೊಡ್ಡಮ್ಮ, ಎಲ್ಲಿದ್ದೀರಾ?”

“ಎಲ್ಲಿರ್ತೀನಿ? ನಾಲೆ ಏರಿ ಮ್ಯಾಲೆ.” ಉಸಿರು ಸಿಕ್ಕಿಕೊಂಡಿತ್ತು. “ಮನೇಲೇನೂ ಹೊಡೀತಿಲ್ಲ ಕಣವ್ವ, ಸುಮ್ಕಿರು.”

ಮತ್ತೆ ಊದಿದರು. ಆ ಗಾಳಿಯ ಕೊನೆಯಲ್ಲಿ, ಎಳೆಯಷ್ಟು ಸಣ್ಣಗೆ, ಒಂದು ಸ್ವರ ಹೊರಟು ಅಲ್ಲೇ ಮುರಿಯಿತು.

ಈ ಸಲ ಕೇಳಿದ್ದು ನಾನು.

“ಬಂತಾ ದೊಡ್ಡಮ್ಮ?”

“ಬಂತು ಕಣ್ ಮಗ,” ಎಂದರು ಅವರು. “ಬಂತು.”